ರೆಪ್ಪೆಯ ಗಂಟು: ಎಲ್ಲಿದೆ, ನೋಯುತ್ತಿದೆಯೇ, ಎಷ್ಟು ದಿನವಾಯಿತು?

ರೆಪ್ಪೆಯಲ್ಲಿ ಏನೇ ಎದ್ದರೂ ಕಣ್ಣುಕುಟಿಕೆ ಎಂದುಕೊಂಡು ಮೆಡಿಕಲ್‌ನಿಂದ ಒಂದು ಡ್ರಾಪ್ಸ್ ತಂದು ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಕಣ್ಣಿನ ಒ.ಪಿ.ಡಿ.ಯಲ್ಲಿ ಕೆಲಸ ಮಾಡುವ ನನಗೆ ಇದು ಮತ್ತೆ ಮತ್ತೆ ಕಾಣುತ್ತದೆ. ಎರಡು ವಾರ ಡ್ರಾಪ್ಸ್ ಹಾಕಿ, ಗಂಟು ಇದ್ದಲ್ಲೇ ಇದೆ ಎಂದು ಬರುತ್ತಾರೆ. ಹೆಚ್ಚಿನ ಗಂಟುಗಳಿಗೆ ಬೇಕಾದದ್ದು ಡ್ರಾಪ್ಸ್ ಅಲ್ಲ, ಸರಿಯಾಗಿ ಕೊಟ್ಟ ಶಾಖ. ಕೆಲವು ಗಂಟುಗಳಿಗೆ ಶಾಖವೇ ಸಲ್ಲದು. ಕೆಲವಕ್ಕೆ ಅದೇ ದಿನ ಆಸ್ಪತ್ರೆ ಬೇಕು. ಅಪರೂಪಕ್ಕೆ ಒಂದು ಗಂಟು ಕ್ಯಾನ್ಸರ್ ಆಗಿರುತ್ತದೆ. ಇವನ್ನು ಬೇರ್ಪಡಿಸುವ ಕೆಲಸದ ಮುಕ್ಕಾಲು ಪಾಲು ಮನೆಯಲ್ಲೇ ಮಾಡಿಕೊಳ್ಳಬಹುದು. ಗಂಟು ರೆಪ್ಪೆಯ ಯಾವ ಭಾಗದಲ್ಲಿದೆ, ಮುಟ್ಟಿದರೆ ನೋಯುತ್ತದೆಯೇ, ಬಂದು ಎಷ್ಟು ದಿನವಾಯಿತು ಎಂದು ನೋಡಿಕೊಂಡರೆ ದಾರಿ ಸಿಗುತ್ತದೆ.

ಇವು ಕಂಡರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೊರಡಿ

ರೆಪ್ಪೆ ಪೂರ್ತಿ ಊದಿ ಕೆಂಪಾಗಿದೆ, ಜೊತೆಗೆ ಜ್ವರವೂ ಇದೆ. ಕಣ್ಣುಗುಡ್ಡೆ ಮುಂದಕ್ಕೆ ಬಂದಂತಿದೆ. ಆಚೀಚೆ ನೋಡಿದರೆ ಕಣ್ಣೊಳಗೆ ನೋವು. ಒಂದು ವಸ್ತು ಎರಡಾಗಿ ಕಾಣುತ್ತದೆ, ಇಲ್ಲವೇ ದೃಷ್ಟಿ ಮಂಜಾಗಿದೆ. ಇವುಗಳಲ್ಲಿ ಯಾವುದಿದ್ದರೂ ಸೋಂಕು ರೆಪ್ಪೆ ದಾಟಿ ಕಣ್ಣಿನ ಗುಳಿಗೆ ಇಳಿದಿರಬಹುದು. ಅಲ್ಲಿಂದ ದೃಷ್ಟಿನರಕ್ಕೂ ಮಿದುಳಿಗೂ ಹೆಚ್ಚು ದೂರವಿಲ್ಲ. ರಾತ್ರಿಯಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮಕ್ಕಳಲ್ಲಿ ಇದು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರು ಜ್ವರ ಬರುವವರೆಗೂ ಕಾಯದೆ, ಊತ ಗಂಟಿನ ಸುತ್ತ ಹರಡುತ್ತಿದೆ ಎನ್ನಿಸಿದ ಕೂಡಲೇ ತೋರಿಸಬೇಕು.

ಒಂದೇ ಬದಿಯ ಹಣೆ, ರೆಪ್ಪೆ, ಮೂಗಿನ ಮೇಲೆ ಉರಿಯುವ ನೀರುಗುಳ್ಳೆಗಳು ಗುಂಪಾಗಿ ಎದ್ದಿದ್ದರೆ ಅದು ಸರ್ಪಸುತ್ತು. ಅದಕ್ಕೂ ತಡ ಸಲ್ಲದು. ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ.

ಕನ್ನಡಿ ಮುಂದೆ

ಕೈ ತೊಳೆದುಕೊಂಡು ಕಿಟಕಿಯ ಬೆಳಕಿನಲ್ಲಿ ನಿಂತು ನೋಡಿ. ಗಂಟು ಕೂದಲಿನ ಸಾಲಿನಲ್ಲೇ, ರೆಪ್ಪೆಯ ತುದಿಯಲ್ಲಿದೆಯೇ, ಅಥವಾ ಸಾಲಿನಿಂದ ನಾಲ್ಕೈದು ಮಿಲಿಮೀಟರ್ ಮೇಲಿದೆಯೇ? ಮೂಗಿನ ಪಕ್ಕದ ಮೂಲೆಯಲ್ಲಿದೆಯೇ? ಆಮೇಲೆ ಕಣ್ಣು ಮುಚ್ಚಿ, ಬೆರಳ ತುದಿಯಿಂದ ಮೆತ್ತಗೆ ಮುಟ್ಟಿ. ಚರ್ಮ ಗಂಟಿನ ಮೇಲೆ ಸಲೀಸಾಗಿ ಸರಿದರೆ ಗಂಟು ಚರ್ಮದ್ದಲ್ಲ, ಅದರ ಕೆಳಗಿನ ಗಟ್ಟಿ ಪದರದ್ದು. ಕೊನೆಗೆ ಗಂಟಿರುವ ಕಡೆಯ ರೆಪ್ಪೆಕೂದಲನ್ನು ಇನ್ನೊಂದು ಕಣ್ಣಿನದರೊಂದಿಗೆ ಹೋಲಿಸಿ. ಅಲ್ಲಿ ಮಾತ್ರ ಕೂದಲು ಉದುರಿದೆಯೇ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅದು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ವಾರ ಬಿಟ್ಟು ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ಇಳಿದಿದೆಯೋ ಇಲ್ಲವೋ ಎಂದು ನೆನಪಿನಿಂದ ಹೇಳುವುದು ಕಷ್ಟ, ಫೋಟೊ ನೋಡಿದರೆ ಸಂಶಯ ಉಳಿಯದು.

ತುದಿಯಲ್ಲಿ ಕೆಂಪು ಗುಳ್ಳೆ, ಮುಟ್ಟಿದರೆ ನೋವು

ಇದು ಕಣ್ಣುಕುಟಿಕೆ. ಒಂದೆರಡು ದಿನದಲ್ಲಿ ಏಳುತ್ತದೆ. ಕಣ್ಣಲ್ಲಿ ನೀರು, ಭಾರ, ಚುಚ್ಚಿದಂತೆ ನೋವು. ನಡುವೆ ಹಳದಿ ಕೀವಿನ ಮೊನೆ ಕಾಣಬಹುದು, ಅದರ ಮಧ್ಯದಿಂದಲೇ ಒಂದು ರೆಪ್ಪೆಕೂದಲು ಹೊರಟಿರುತ್ತದೆ. ಕೂದಲ ಬುಡದಲ್ಲಿರುವ ಸಣ್ಣ ಗ್ರಂಥಿಗೆ ಸೋಂಕು ತಗಲಿ ಹೀಗಾಗುತ್ತದೆ. ಹೆಚ್ಚಿನ ಸಲ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅನೇಕರ ಮೂಗಿನಲ್ಲಿ, ಚರ್ಮದ ಮೇಲೆ ಅದು ತೊಂದರೆ ಕೊಡದೆ ಇದ್ದುಕೊಂಡಿರುತ್ತದೆ. ಮೂಗು ಮುಟ್ಟಿದ ಕೈಯಿಂದ ಕಣ್ಣುಜ್ಜಿದರೆ ರೆಪ್ಪೆಗೆ ದಾಟುತ್ತದೆ.

ಶಾಖ ಕೊಟ್ಟರೆ ಮೊನೆ ಒಡೆದು ಕೀವು ತಾನೇ ಹೊರಗೆ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಗುಣವಾಗುತ್ತದೆ. ಹಿಸುಕಬೇಡಿ, ಸೂಜಿಯಿಂದ ಚುಚ್ಚಬೇಡಿ. ಹಿಸುಕಿದಾಗ ಕೀವು ಹೊರಗೆ ಬಂದಷ್ಟೇ ಒಳಗಿನ ಅಂಗಾಂಶಕ್ಕೂ ಹರಡುತ್ತದೆ. ಮೊನೆಯ ನಡುವಿನ ಆ ಒಂದು ಕೂದಲನ್ನು ತೆಗೆದರೆ ಕೀವಿಗೆ ದಾರಿಯಾಗುವುದು ನಿಜ. ವೈದ್ಯರು ಶುಚಿಯಾದ ಚಿಮುಟದಿಂದ ಅದನ್ನು ಮಾಡುತ್ತಾರೆ, ಮನೆಯಲ್ಲಿ ಉಗುರಿನಿಂದ ಮಾಡುವ ಕೆಲಸವಲ್ಲ.

ನೋವು ಇದೇ ರೀತಿ ಇದ್ದು, ಗಂಟು ಮಾತ್ರ ತುದಿಯಿಂದ ದೂರ, ರೆಪ್ಪೆಯ ಒಳಬದಿಗೆ ಕಾಣುತ್ತಿದ್ದರೆ ಸೋಂಕು ಆಗಿರುವುದು ಒಳಗಿನ ಎಣ್ಣೆಗ್ರಂಥಿಗೆ. ನೋವು ಹೆಚ್ಚು, ಇಳಿಯುವುದು ನಿಧಾನ. ಮೊದಲ ಉಪಚಾರ ಎರಡಕ್ಕೂ ಒಂದೇ.

ನೋವಿಲ್ಲ, ಆದರೆ ಗಟ್ಟಿಯಾಗಿ ಕೂತಿದೆ

ಇದನ್ನು ವೈದ್ಯರು ಕಲೇಜಿಯನ್ ಎನ್ನುತ್ತಾರೆ. ಹೆಚ್ಚು ತಪ್ಪಾಗಿ ಔಷಧಿ ಬೀಳುವುದು ಇದಕ್ಕೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇಲು ರೆಪ್ಪೆಯೊಳಗೆ ಸುಮಾರು 25ರಿಂದ 40, ಕೆಳರೆಪ್ಪೆಯೊಳಗೆ 20ರಿಂದ 30 ಎಣ್ಣೆಗ್ರಂಥಿಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿವೆ. ಇವನ್ನು ವಿವರವಾಗಿ ಬರೆದಿಟ್ಟವನು ಹೈನ್ರಿಕ್ ಮೈಬೋಮ್ ಎಂಬ ಜರ್ಮನ್ ವೈದ್ಯ, 1666ರಲ್ಲಿ. ಅದಕ್ಕೇ ಮೈಬೋಮಿಯನ್ ಗ್ರಂಥಿ ಎಂಬ ಹೆಸರು. ಕಣ್ಣು ಮಿಟುಕಿಸಿದಾಗಲೆಲ್ಲ ರೆಪ್ಪೆಯ ಅಂಚಿನ ಸೂಜಿಮೊನೆಯಷ್ಟು ರಂಧ್ರಗಳಿಂದ ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ತೆಳುವಾಗಿ ಹರಡುತ್ತದೆ, ನೀರು ಬೇಗ ಆರದಂತೆ ತಡೆಯುತ್ತದೆ. ಈ ಎಣ್ಣೆ ದಪ್ಪವಾದರೆ ರಂಧ್ರ ಮುಚ್ಚಿಹೋಗುತ್ತದೆ. ಹೊರಬರಲಾರದ ಎಣ್ಣೆ ಸುತ್ತಲಿನ ಅಂಗಾಂಶಕ್ಕೆ ಸೋರುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ಭಾವಿಸಿ ಸುತ್ತಲೂ ಉರಿಯೂತದ ಕೋಶಗಳನ್ನು ಸೇರಿಸುತ್ತದೆ. ಗಂಟೆಂದರೆ ಅದೇ.

ಮೂಲದಲ್ಲಿ ಇದು ಸೋಂಕಲ್ಲ, ಅಡಚಣೆ. ಹಾಗಾಗಿಯೇ ಆಂಟಿಬಯೋಟಿಕ್ ಡ್ರಾಪ್ಸ್ ಎಷ್ಟು ದಿನ ಹಾಕಿದರೂ ಕದಲುವುದಿಲ್ಲ. ದಪ್ಪಗಾದ ಎಣ್ಣೆ ಕರಗಬೇಕು. ಚಳಿಗಾಲದಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನಲ್ಲಿ ಇಟ್ಟು ಇಳಿಸಿಕೊಳ್ಳುತ್ತೇವಲ್ಲ, ಇಲ್ಲಿ ಮಾಡಬೇಕಾದದ್ದೂ ಅಷ್ಟೇ.

ಕಣ್ಣುಕುಟಿಕೆಯ ನೋವೆಲ್ಲ ಇಳಿದ ಮೇಲೂ ಒಂದು ಗಟ್ಟಿ ಕಾಳು ಉಳಿದರೆ ಅದೂ ಈಗ ಕಲೇಜಿಯನ್ ಆಗಿದೆ ಎಂದು ತಿಳಿಯಿರಿ. ಮೇಲು ರೆಪ್ಪೆಯ ಗಂಟು ದೊಡ್ಡದಾದರೆ ಕಣ್ಣಿನ ಕರಿಗುಡ್ಡೆಯ ಮುಂಭಾಗವನ್ನು ಒತ್ತಿ ಅದರ ಆಕಾರವನ್ನೇ ತುಸು ಬದಲಿಸುತ್ತದೆ, ನೋಟ ಮಸುಕಾಗುತ್ತದೆ. ಆ ಹೊತ್ತಿನಲ್ಲಿ ಕಣ್ಣು ಪರೀಕ್ಷೆ ಮಾಡಿಸಿ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಗಂಟು ಹೋದ ಮೇಲೆ ಪವರ್ ಬದಲಾಗುತ್ತದೆ. ಚಿಕ್ಕ ಮಕ್ಕಳಲ್ಲಿ ದೊಡ್ಡ ಗಂಟು ರೆಪ್ಪೆಯನ್ನು ಇಳಿಬಿಟ್ಟು ನೋಟಕ್ಕೆ ಅಡ್ಡ ಬಂದರೆ ಕಾಯಬಾರದು. ಆ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಮುಚ್ಚಿದ ಕಣ್ಣು ನೋಡುವುದನ್ನು ಸರಿಯಾಗಿ ಕಲಿಯದೆ ಸೋಮಾರಿಯಾಗಬಹುದು.

“ಶಾಖ ಕೊಟ್ಟೆ, ಏನೂ ಆಗಲಿಲ್ಲ”

ಒ.ಪಿ.ಡಿ.ಯಲ್ಲಿ ತಾಯಂದಿರು ಹೇಳುವ ಮಾತು ಇದು. ಮೊನ್ನೆಯೂ ಒಬ್ಬರು ಮಗನನ್ನು ಕರೆತಂದಿದ್ದರು.

“ಶಾಖ ಕೊಟ್ರಾ ಅಮ್ಮಾ?”

“ದಿನಾ ಕೊಡ್ತಿದೀನಿ ಮೇಡಂ.”

“ಹೇಗೆ ಕೊಟ್ರಿ, ತೋರಿಸಿ.”

ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಬಾಯಿಂದ ಉಫ್ ಎಂದು ಊದಿ, ಮಗನ ಕಣ್ಣಿಗೆ ಎರಡು ಸಲ ಒತ್ತಿ ತೋರಿಸಿದರು. ದಿನಕ್ಕೊಂದು ಸಲ, ಶಾಲೆಗೆ ಹೊರಡುವ ಮುಂಚೆ. ಅವರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಚೀಟಿಯಲ್ಲಿ “ಬಿಸಿ ಶಾಖ” ಎಂದು ಬರೆದರೆ ಸಾಲದು.

ಸರಿಯಾದ ರೀತಿ ಹೀಗೆ. ಕುದಿಸಿದ ನೀರನ್ನು ಆರಲು ಬಿಟ್ಟು, ಮಣಿಕಟ್ಟಿನ ಒಳಭಾಗಕ್ಕೆ ಹಾಕಿದರೆ ಹಿತವಾಗಿ ಬಿಸಿ ಎನ್ನಿಸುವಂತಿರಬೇಕು. ಥರ್ಮಾಮೀಟರ್ ಇದ್ದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್. ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳು, ಬೇಗ ಸುಡುತ್ತದೆ. ಒಗೆದ ಮೆತ್ತನೆ ಹತ್ತಿಬಟ್ಟೆಯನ್ನು ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲಿಡಿ. ಬಟ್ಟೆ ಒಂದೆರಡು ನಿಮಿಷದಲ್ಲಿ ತಣ್ಣಗಾಗುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಮತ್ತೆ ಅದ್ದಿ, ಮತ್ತೆ ಇಡಿ. ಹೀಗೆ ಹತ್ತು ನಿಮಿಷ ಬಿಸಿ ಬಿಡದಂತೆ. ದಿನಕ್ಕೆ ಮೂರರಿಂದ ನಾಲ್ಕು ಸಲ. ನೀರು ತಣ್ಣಗಾದರೆ ಫ್ಲಾಸ್ಕಿನಿಂದ ಬಿಸಿನೀರು ಬೆರೆಸಿಕೊಳ್ಳಿ. ತವೆಯ ಮೇಲೆ, ದೀಪದ ಮೇಲೆ ಬಟ್ಟೆ ಬಿಸಿ ಮಾಡುವುದು ಬೇಡ. ಅದರಲ್ಲಿ ಶಾಖ ಒಂದೇ ಸಮ ಇರುವುದಿಲ್ಲ, ಮಕ್ಕಳ ರೆಪ್ಪೆ ಸುಟ್ಟೀತು.

ಶಾಖ ಮುಗಿದ ಕೂಡಲೇ, ಎಣ್ಣೆ ಇನ್ನೂ ತೆಳುವಾಗಿರುವಾಗಲೇ, ಬೆರಳ ತುದಿಯಿಂದ ಗಂಟಿನ ಮೇಲೆ ಒಂದೆರಡು ನಿಮಿಷ ನೀವಿ. ಮೇಲು ರೆಪ್ಪೆಯಾದರೆ ಮೇಲಿನಿಂದ ಕೆಳಕ್ಕೆ, ಕೆಳರೆಪ್ಪೆಯಾದರೆ ಕೆಳಗಿನಿಂದ ಮೇಲಕ್ಕೆ, ಯಾವಾಗಲೂ ಕೂದಲಿನ ಸಾಲಿನ ಕಡೆಗೆ. ರಂಧ್ರ ಇರುವುದು ಅಲ್ಲಿ. ಗುಂಡಗೆ ಉಜ್ಜಿದರೆ ಎಣ್ಣೆಗೆ ದಾರಿ ಸಿಗದು. ನೋವಿರುವ ಕೀವಿನ ಗುಳ್ಳೆಗೆ ಈ ನೀವುವಿಕೆ ಬೇಡ, ಶಾಖವಷ್ಟೇ ಸಾಕು.

ಹೀಗೆ ನಾಲ್ಕರಿಂದ ಆರು ವಾರ ಮಾಡಿದರೆ ಹಲವು ಕಲೇಜಿಯನ್‌ಗಳು ಇಳಿಯುತ್ತವೆ. ಹೊಸದು ಬೇಗ ಇಳಿಯುತ್ತದೆ, ಹಳೆಯದಾಗಿ ಗಟ್ಟಿಯಾದದ್ದು ಹಟ ಮಾಡುತ್ತದೆ. ಆ ಹುಡುಗನ ಗಂಟು ಹೊಸದಾಗಿತ್ತು, ತಾಯಿ ಹೇಳಿದಂತೆ ಮಾಡಿದರು, ಚಾಕುವಿನ ಮಾತೇ ಬರಲಿಲ್ಲ.

ಡ್ರಾಪ್ಸ್ ಮತ್ತು ಮನೆಮದ್ದು

ಕೀವು ಸೋರುತ್ತಿದ್ದರೆ, ರೆಪ್ಪೆಯ ಅಂಚೆಲ್ಲ ಕೆಂಪಾಗಿದ್ದರೆ ವೈದ್ಯರು ಆಂಟಿಬಯೋಟಿಕ್ ಮುಲಾಮು ಕೊಡುತ್ತಾರೆ. ಊತ ಹರಡಿದ್ದರೆ ಮಾತ್ರೆಯನ್ನೂ ಬರೆಯುತ್ತಾರೆ. ಅದು ಸರಿ. ನನಗೆ ಭಯ ಹುಟ್ಟಿಸುವುದು ಚೀಟಿ ಇಲ್ಲದೆ ಕೈಗೆ ಬರುವ ಮಿಶ್ರ ಡ್ರಾಪ್ಸ್. ಬಾಟಲಿಯ ಮೇಲಿನ ಸಣ್ಣಕ್ಷರ ಓದಿ. ಆಂಟಿಬಯೋಟಿಕ್ ಹೆಸರಿನ ಜೊತೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂದೇನಾದರೂ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಹಾಕಿದ ಎರಡೇ ದಿನದಲ್ಲಿ ಕೆಂಪು ಇಳಿದು ಹಿತವೆನ್ನಿಸುತ್ತದೆ. ಹಾಗಾಗಿ ಜನ ತಿಂಗಳುಗಟ್ಟಲೆ ಬಿಡುವುದಿಲ್ಲ. ಕೆಲವರಲ್ಲಿ ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ಏರಿ ಗ್ಲಾಕೋಮಾ ಆಗುತ್ತದೆ. ಅದರಿಂದ ಹೋದ ನೋಟ ತಿರುಗಿ ಬಾರದು. ವಾರದಲ್ಲಿ ಇಳಿಯುವ ಗುಳ್ಳೆಗಾಗಿ ಈ ಬೆಲೆ ತೆರಬೇಕೇ? ಮನೆಯಲ್ಲಿ ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದ ಬಾಟಲಿಯನ್ನೂ ಬಳಸಬೇಡಿ. ಮುಚ್ಚಳ ತೆಗೆದು ತಿಂಗಳಾದ ಡ್ರಾಪ್ಸ್ ಎಸೆಯುವುದೇ ಸರಿ.

ಅಂಗೈಗೆ ಬೆರಳುಜ್ಜಿ ಬಿಸಿ ಮಾಡಿ ಗುಳ್ಳೆಗೆ ಮುಟ್ಟಿಸುವುದು ನಮ್ಮ ಅಜ್ಜಿಯರ ಪದ್ಧತಿ. ಶಾಖದ ತಿಳಿವಳಿಕೆ ಅದರಲ್ಲಿದೆ, ಸಾಲುವಷ್ಟು ಬಿಸಿ ಇಲ್ಲ, ಬೆರಳು ತೊಳೆದಿರುವುದೂ ಇಲ್ಲ. ಎದೆಹಾಲು, ಅರಿಶಿನ, ತೇಯ್ದ ಲವಂಗ ಕಣ್ಣೊಳಗೆ ಹೋದರೆ ಹೊಸ ಸೋಂಕು ಇಲ್ಲವೇ ಉರಿ ತರಬಹುದು. ಸುಣ್ಣವಂತೂ ಹತ್ತಿರಕ್ಕೂ ಬರಕೂಡದು. ಎಲೆಅಡಿಕೆಯ ಸುಣ್ಣ ತುಸುವೇ ಕಣ್ಣಿಗೆ ಜಾರಿದರೂ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ, ಸುಟ್ಟು ಬಿಳುಪಾಗುತ್ತದೆ. ಅಕಸ್ಮಾತ್ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲೇ ಇದ್ದಲ್ಲಿಯೇ ಶುದ್ಧ ನೀರಿನಿಂದ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಕಣ್ಣು ತೊಳೆಯುತ್ತಿರಬೇಕು.

ಗುಳ್ಳೆ ಇರುವಷ್ಟು ದಿನ ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಬೇಡ. ಟವೆಲ್, ದಿಂಬಿನ ಕವರ್ ಬೇರೆ ಇರಲಿ.

ತಿಂಗಳು ದಾಟಿಯೂ ಇಳಿಯದಿದ್ದರೆ

ಎರಡು ದಾರಿ. ಸಣ್ಣ ಗಂಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ಗಂಟಿನೊಳಗೇ ಕೊಡುತ್ತಾರೆ. ನಮ್ಮ ಮೈಬಣ್ಣದವರಲ್ಲಿ ಆ ಜಾಗದ ಚರ್ಮ ಬೆಳ್ಳಗಾಗುವ ಸಾಧ್ಯತೆ ಇರುವುದರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ಇನ್ನೊಂದು, ಕೊಯ್ದು ಹೆರೆದು ತೆಗೆಯುವುದು. ರೆಪ್ಪೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ರೆಪ್ಪೆಯನ್ನು ಹೊರಮಗ್ಗುಲಿಗೆ ಮಡಚಿ, ಒಳಬದಿಯಿಂದ ನೆಟ್ಟಗೆ ಸಣ್ಣ ಗೀರು ಹಾಕುತ್ತಾರೆ. ಗ್ರಂಥಿಗಳು ನೆಟ್ಟಗೆ ಇರುವುದರಿಂದ ಗೀರೂ ನೆಟ್ಟಗೇ ಇರಬೇಕು, ಅಡ್ಡ ಹಾಕಿದರೆ ಅಕ್ಕಪಕ್ಕದ ಗ್ರಂಥಿಗಳೂ ತುಂಡಾಗುತ್ತವೆ. ಒಳಗಿನ ಅಂಟನ್ನು ಚಿಕ್ಕ ಚಮಚದಂಥ ಉಪಕರಣದಿಂದ ಹೆರೆದು ತೆಗೆಯುತ್ತಾರೆ. ನೋಯುವುದು ಮೊದಲ ಇಂಜೆಕ್ಷನ್ ಮಾತ್ರ. ಕೊಯ್ಯುವುದು ಒಳಬದಿಯಲ್ಲಿ, ಹಾಗಾಗಿ ಹೊರಗೆ ಕಲೆ ಉಳಿಯದು, ಹೊಲಿಗೆಯೂ ಬೇಡ. ಕೆಲವು ಗಂಟೆ ಕಣ್ಣಿಗೆ ಪಟ್ಟಿ, ಅದೇ ದಿನ ಮನೆಗೆ. ಒಂದು ಕಣ್ಣು ಮುಚ್ಚಿರುವಾಗ ಗಾಡಿ ಓಡಿಸಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಚಿಕ್ಕ ಮಕ್ಕಳು ಅಲುಗಾಡುತ್ತಾರಾದ್ದರಿಂದ ಅವರಿಗೆ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ಮಕ್ಕಳ ವಿಷಯದಲ್ಲಿ ಶಾಖಕ್ಕೆ ಹೆಚ್ಚು ಕಾಲ ಕೊಡುವುದು ಇದಕ್ಕಾಗಿಯೇ.

ಬೆಂಗಳೂರಿನ ಮಿಂಟೊದಂಥ ಸರ್ಕಾರಿ ಕಣ್ಣಾಸ್ಪತ್ರೆಯಲ್ಲೂ, ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗಗಳಲ್ಲೂ ಇದು ಸಾಮಾನ್ಯ ಚಿಕಿತ್ಸೆ.

ಬೇರೆ ಬೇರೆ ಜಾಗದಲ್ಲಿ ಮತ್ತೆ ಮತ್ತೆ ಏಳುತ್ತಿದ್ದರೆ

ಆಗ ಹುಡುಕಬೇಕಾದದ್ದು ಗುಳ್ಳೆಯನ್ನಲ್ಲ, ಅದಕ್ಕೆ ದಾರಿ ಮಾಡಿಕೊಟ್ಟದ್ದನ್ನು. ಹೆಚ್ಚಿನವರಲ್ಲಿ ರೆಪ್ಪೆಯ ಅಂಚೇ ಕಾಯಿಲೆ ಬಿದ್ದಿರುತ್ತದೆ. ಬೆಳಗ್ಗೆ ರೆಪ್ಪೆಕೂದಲಿನ ಬುಡದಲ್ಲಿ ಗೀಜು, ಹೊಟ್ಟು ಅಂಟಿಕೊಂಡಿರುತ್ತದೆ, ಸಂಜೆಗೆ ಕಣ್ಣು ಒಣಗಿ ಉರಿಯುತ್ತದೆ. ತಲೆಹೊಟ್ಟು ಇರುವವರಲ್ಲಿ, ಕೆನ್ನೆ ಮೂಗು ಕೆಂಪೇರುವ ರೊಸೇಷಿಯಾ ಇರುವವರಲ್ಲಿ ಇದು ಜಾಸ್ತಿ. ಇವರು ಶಾಖದ ಜೊತೆ ಅಂಚನ್ನೂ ದಿನಾ ಶುಚಿ ಮಾಡಬೇಕು. ಬೇಬಿ ಶಾಂಪೂ ಕೆಲವು ಹನಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಹತ್ತಿಯಲ್ಲಿ ಅದ್ದಿ, ಕಣ್ಣು ಮುಚ್ಚಿ ಕೂದಲ ಬುಡವನ್ನು ಮೃದುವಾಗಿ ಒರೆಸಿ ತೊಳೆಯುವುದು. ಅದಕ್ಕೆಂದೇ ತಯಾರಿಸಿದ ಒರೆಸುವ ಹಾಳೆಗಳೂ ಸಿಗುತ್ತವೆ. ಗುಳ್ಳೆ ಹೋದ ಮೇಲೂ ನಿಲ್ಲಿಸಬಾರದು. ಇಷ್ಟಕ್ಕೂ ಜಗ್ಗದಿದ್ದರೆ ವೈದ್ಯರು ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವುದುಂಟು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದಿಲ್ಲ.

ದೊಡ್ಡವರಾದರೆ ರಕ್ತದ ಸಕ್ಕರೆ ಪರೀಕ್ಷಿಸಿ. ಮಕ್ಕಳಾದರೆ ಕಣ್ಣಿನ ಪವರ್ ಪರೀಕ್ಷಿಸಿ. ಬೋರ್ಡು ಕಾಣದ ಮಗು ಕಣ್ಣುಜ್ಜುತ್ತಲೇ ಇರುತ್ತದೆ, ಕೈಯ ಕೊಳೆ ರೆಪ್ಪೆಗೆ ಹೋಗುತ್ತಲೇ ಇರುತ್ತದೆ. ಮಸ್ಕಾರಾ ಬಳಸುವವರು ಮೂರು ತಿಂಗಳಿಗೊಮ್ಮೆ ಹೊಸದು ತೆಗೆದುಕೊಳ್ಳಿ. ರೆಪ್ಪೆಯ ಒಳ ಅಂಚಿಗೆ ಕಾಡಿಗೆ ಎಳೆಯುವುದೆಂದರೆ ಎಣ್ಣೆ ಬರುವ ರಂಧ್ರಗಳ ಮೇಲೇ ಎಳೆದಂತೆ.

ಕಣ್ಣುಕುಟಿಕೆ ಅಲ್ಲದವು

ರಾತ್ರಿ ಸರಿಯಾಗಿದ್ದ ರೆಪ್ಪೆ ಬೆಳಗ್ಗೆ ಊದಿ ಮೆತ್ತಗಾಗಿದೆ, ನೋವಿಗಿಂತ ತುರಿಕೆ ಹೆಚ್ಚು, ಗಂಟು ಕೈಗೆ ಸಿಗುತ್ತಿಲ್ಲ: ಹುಳ ಕಚ್ಚಿರಬಹುದು, ಅಲರ್ಜಿಯೂ ಇರಬಹುದು. ಇದಕ್ಕೆ ಬಿಸಿ ಬೇಡ, ತಣ್ಣೀರಿನ ಬಟ್ಟೆ. ಮೂಗಿನ ಪಕ್ಕದ ಮೂಲೆಯ ಕೆಳಗೆ ಊತ, ಸದಾ ನೀರು ಸುರಿಯುವ ಕಣ್ಣು, ಒತ್ತಿದರೆ ಕಣ್ಣಿಗೆ ಕೀವು ಬರುತ್ತದೆ: ಕಣ್ಣೀರಿನ ಚೀಲದ ಸೋಂಕು. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಶಾಖದಿಂದ ಗುಣವಾಗದು, ಮೂಗಿಗೆ ಹೊಸ ದಾರಿ ಮಾಡುವ ಆಪರೇಷನ್ ಬೇಕಾಗುತ್ತದೆ. ಮೂಗಿನ ಕಡೆಯ ರೆಪ್ಪೆ ಚರ್ಮದಲ್ಲಿ ಚಪ್ಪಟೆ ಹಳದಿ ತೇಪೆಗಳಿದ್ದರೆ ಅದು ಕೊಬ್ಬು, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ಅರ್ಧದಷ್ಟು ಜನರಲ್ಲಿ ಅದು ಸರಿಯಾಗಿಯೇ ಇರುತ್ತದೆ. ನಡುವೆ ಕುಳಿ ಇರುವ ಮುತ್ತಿನ ಬಣ್ಣದ ಸಣ್ಣ ಗುಳ್ಳೆ, ಜೊತೆಗೆ ವಾಸಿಯಾಗದ ಕಣ್ಣು ಕೆಂಪು: ಮೊಲಸ್ಕಮ್ ಎಂಬ ವೈರಸ್. ಹುಬ್ಬಿನ ಹೊರತುದಿಯಲ್ಲಿ ಹುಟ್ಟಿನಿಂದಲೇ ಇರುವ ಗಂಟು ಡರ್ಮಾಯ್ಡ್ ಇರಬಹುದು, ನೀವಬೇಡಿ, ತೋರಿಸಿ.

ಅದೇ ಜಾಗದಲ್ಲಿ ಮತ್ತೆ ಎದ್ದರೆ

ಈ ಭಾಗವನ್ನು ಮನೆಯ ಹಿರಿಯರಿಗೆ ಓದಿ ಹೇಳಿ. ಕಲೇಜಿಯನ್ ಎಂದು ತೆಗೆದದ್ದು ಅದೇ ಜಾಗದಲ್ಲಿ ಮತ್ತೆ ಎದ್ದರೆ, ಅದರಲ್ಲೂ ಐವತ್ತು ದಾಟಿದವರಲ್ಲಿ, ಮತ್ತೊಮ್ಮೆ ಬರಿದೇ ಹೆರೆದು ಕಳಿಸುವುದಕ್ಕೆ ಒಪ್ಪಬೇಡಿ. ಆ ಎಣ್ಣೆಗ್ರಂಥಿಗಳಲ್ಲೇ ಹುಟ್ಟುವ ಸೆಬೇಶಿಯಸ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಇದೆ, ಅದು ಥೇಟ್ ಕಲೇಜಿಯನ್ ಹಾಗೆಯೇ ಕಾಣುತ್ತದೆ. ಅಮೆರಿಕ, ಯುರೋಪಿನಲ್ಲಿ ಅದು ಅಪರೂಪ, ಅಲ್ಲಿ ರೆಪ್ಪೆಯ ಕ್ಯಾನ್ಸರ್ ಎಂದರೆ ಬಹುಪಾಲು ಬೇಸಲ್ ಸೆಲ್ ಬಗೆ. ಭಾರತದಲ್ಲಿ ಹಾಗಲ್ಲ. ಇಲ್ಲಿನ ರೆಪ್ಪೆಯ ಕ್ಯಾನ್ಸರ್‌ಗಳಲ್ಲಿ ಸೆಬೇಶಿಯಸ್ ಬಗೆಯದು ದೊಡ್ಡ ಪಾಲು. ಮೇಲು ರೆಪ್ಪೆಯಲ್ಲಿ ಹೆಚ್ಚು, ಗ್ರಂಥಿಗಳು ಅಲ್ಲೇ ಜಾಸ್ತಿ ಇರುವುದರಿಂದ.

ಕನ್ನಡಿ ಮುಂದೆ ಕೂದಲು ನೋಡಿಕೊಳ್ಳಿ ಎಂದದ್ದು ಇದಕ್ಕೆ. ಸಾಮಾನ್ಯ ಕಲೇಜಿಯನ್ ರೆಪ್ಪೆಕೂದಲನ್ನು ಬುಡಸಮೇತ ಅಳಿಸುವುದಿಲ್ಲ. ಗಂಟಿನ ಮೇಲೆ ಮಾತ್ರ ಕೂದಲು ಉದುರಿ ಬೋಳಾಗಿದ್ದರೆ, ಅಂಚು ದಪ್ಪವಾಗಿ ಹಳದಿಗೆ ತಿರುಗಿದ್ದರೆ, ಹುಣ್ಣಾಗಿ ರಕ್ತ ಒಸರಿದರೆ, ಒಂದೇ ಕಣ್ಣಿನ ಅಂಚಿನ ಕೆಂಪು ತಿಂಗಳುಗಟ್ಟಲೆ ಮದ್ದಿಗೆ ಬಗ್ಗದಿದ್ದರೆ, ತುಣುಕನ್ನು ಬಯಾಪ್ಸಿಗೆ ಕಳಿಸಲೇಬೇಕು. ಬೇಗ ಸಿಕ್ಕರೆ ಆ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು ರೆಪ್ಪೆಯನ್ನು ಮರುಜೋಡಿಸಬಹುದು. ತಡವಾದರೆ ಕಿವಿಯ ಮುಂದಿನ, ಕುತ್ತಿಗೆಯ ಗ್ರಂಥಿಗಳಿಗೆ ಹರಡುತ್ತದೆ.

ಕಣ್ಣಿನ ವೈದ್ಯರ ಮುಂದೆ ಕೂತಾಗ “ಹಿಂದೆ ಇದೇ ಜಾಗದಲ್ಲಿ ತೆಗೆಸಿದ್ದೆ, ಇಂತಿಷ್ಟು ತಿಂಗಳಾಯಿತು” ಎಂದು ಮೊದಲ ಮಾತಿನಲ್ಲೇ ಹೇಳಿ. ಮೊಬೈಲಿನ ಫೋಟೊಗಳು, ಹಾಕಿದ ಡ್ರಾಪ್ಸ್ ಬಾಟಲಿಗಳು, ಹಳೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ತೆಗೆದ ತುಣುಕನ್ನು ಲ್ಯಾಬಿಗೆ ಕಳಿಸಿದರೇ ಎಂದು ಕೇಳಿ, ವರದಿ ಬರುವ ದಿನ ಬರೆದುಕೊಂಡು, ಆ ದಿನ ಹೋಗಿ ತೆಗೆದುಕೊಂಡು ಬನ್ನಿ.